ತೇಪೆ ಮಾವ ತೋಡಿದ ಗುಂಡಿಗಳು

ನನ್ನ ಸೋದರಮಾವನನ್ನು ಊರೆಲ್ಲ ಕರೆಯುತ್ತಿದ್ದದ್ದು ತೇಪೆ ಮೇಸ್ತ್ರಿ ಅಂತ. ಪುರಸಭೆಯಲ್ಲಿ ರಸ್ತೆ ಮೇಸ್ತ್ರಿಯಾಗಿ ತಲೆ ನರೆಯುವವರೆಗೂ ದುಡಿದ ಮನುಷ್ಯ, ಇಡೀ ಜನ್ಮದಲ್ಲಿ ಒಂದೇ ಒಂದು ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ಹಾಸಲಿಲ್ಲ. ಹಾಸುವಷ್ಟು ಹಣ ಪುರಸಭೆಗೆ ಯಾವತ್ತೂ ಬರಲಿಲ್ಲ. ಬಂದದ್ದೆಲ್ಲ ತೇಪೆಗೆ ಸಾಲುವಷ್ಟು. ನಾಲ್ಕು ಬಾಂಡ್ಲಿ ಜಲ್ಲಿ, ಅರ್ಧ ಡಬ್ಬ ಟಾರು, ಜೊತೆಗೆ ಮೈಗಳ್ಳ ಆಳೊಬ್ಬ. ಹಾಕಿದ ತೇಪೆ ಮುಂದಿನ ಮಳೆಗೆ ಎದ್ದು ಹೋಗುತ್ತಿತ್ತು, ಮಾವ ಮತ್ತೆ ಹೋಗಿ ಹಾಕುತ್ತಿದ್ದ. ಹೆಣ್ಣು ಕೊಡಲು ಬಂದವರು ನಮ್ಮೂರಿನ ರಸ್ತೆ ನೋಡಿ, ಇದನ್ನು ಹೀಗೆ ನೋಡಿಕೊಂಡವನು ನಮ್ಮ ಮಗಳನ್ನು ಹೇಗೆ ನೋಡಿಕೊಂಡಾನು ಎಂದು ವಾಪಸ್ಸು ಹೋದರಂತೆ. ಇದು ಅಪ್ಪನ ತಮಾಷೆ. ಮಾವ ಮದುವೆಯಾಗದ್ದಕ್ಕೆ ನಿಜವಾದ ಕಾರಣ ಬೇರೇನೋ ಇರಬೇಕು, ಯಾರೂ ಕೆದಕಲಿಲ್ಲ. ಅವನು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದ, ಊಟತಿಂಡಿ ನಮ್ಮ ಜೊತೆಗೇ.

ಅಪ್ಪನೂ ರಸ್ತೆ ಕೆಲಸದವನೇ. ಆದರೆ ರಾಜ್ಯ ಸರಕಾರದ ಇಲಾಖೆಯವನು, ಊರಾಚೆಯ ದೊಡ್ಡ ರಸ್ತೆಯ ಗ್ಯಾಂಗಿನಲ್ಲಿದ್ದ. ಬೆಳಿಗ್ಗೆ ಒಂದೇ ಗೇಟಿನಿಂದ ಎರಡು ಸೈಕಲ್ಲು ಹೊರಡುತ್ತಿದ್ದವು. ಭಾವನದು ಬಲಕ್ಕೆ, ಮೈದುನನದು ಎಡಕ್ಕೆ. ಸಂಜೆ ಇಬ್ಬರ ಬಟ್ಟೆಗೆ ಹತ್ತಿದ ಟಾರನ್ನೂ ಸೀಮೆಎಣ್ಣೆ ಹಚ್ಚಿ ತಿಕ್ಕುತ್ತಿದ್ದವಳು ಅಮ್ಮ. ಯಾವ ಸರಕಾರದ ಟಾರಾದರೇನು, ಎರಡೂ ಬಿಡಲ್ಲ ಅನ್ನುವುದು ಅವಳ ಅಭಿಪ್ರಾಯವಾಗಿತ್ತು.

ನಮ್ಮ ಗ್ರಹಚಾರ ಇದ್ದದ್ದು ಮನೆ ನಿಂತ ಜಾಗದಲ್ಲಿ. ಊರಿನ ಹಳೆಯ ಗಡಿಕಲ್ಲು ನಮ್ಮ ಬೀದಿ ಶುರುವಾಗುವಲ್ಲಿತ್ತು. ಊರು ಬೆಳೆಯಿತೆಂದು ಗಡಿಯನ್ನು ಆಚೆಗೆ ತಳ್ಳಿ, ಅಲ್ಲೊಂದು ಹೊಸ ಫಲಕ ನೆಟ್ಟರು. ಕಲ್ಲಿಗೂ ಫಲಕಕ್ಕೂ ನಡುವೆ ನಮ್ಮ ಮನೆ, ಅಕ್ಕಪಕ್ಕದ ಕೆಲವು ಮನೆ, ಒಂದು ಹಿಟ್ಟಿನ ಗಿರಣಿ. ಈ ತುಂಡು ಈಗ ಊರೊಳಗೆ ಬಂದಿದೆ, ನೀವೇ ನೋಡಿಕೊಳ್ಳಿ ಎಂದಿತು ರಾಜ್ಯ. ಹರಿದ ಅಂಗಿಯನ್ನು ಕೈಗಿಟ್ಟು ಹೊಲಿಸಿಕೋ ಅಂದರೆ ಹೇಗೆ, ರಿಪೇರಿ ಮಾಡಿ ಕೊಡಿ, ಇಲ್ಲವೇ ಅದಕ್ಕೆ ಹಣ ಕೊಡಿ ಎಂದಿತು ಪುರಸಭೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ ಕೋರ್ಟಿಗೆ ಹೋದರು. ತೀರ್ಪು ಬರುವ ತನಕ ರಸ್ತೆ ಹೇಗಿದೆಯೋ ಹಾಗೇ ಇರಲಿ ಎಂದು ಕೋರ್ಟು ಹೇಳಿತು. ವಕೀಲರು ಬಂದು ಗುಂಡಿಗಳ ಫೋಟೋ ತೆಗೆದುಕೊಂಡು ಹೋದರು.

ಅಲ್ಲಿಂದ ಎರಡೂ ಕಡೆಯವರಲ್ಲಿ ಒಂದು ರಿವಾಜು ಹುಟ್ಟಿಕೊಂಡಿತು. ಮುಟ್ಟಿದವರದೇ ರಸ್ತೆ. ಒಂದು ಬೊಗಸೆ ಜಲ್ಲಿ ಹಾಕಿದರೂ ಆ ತುಂಡು ನಮ್ಮದು ಎಂದು ಒಪ್ಪಿಕೊಂಡ ಹಾಗೆ. ಮಾವನ ಗ್ಯಾಂಗು ಕಲ್ಲಿಗೆ ಒಂದು ಗೇಣು ಮೊದಲೇ ಟಾರು ನಿಲ್ಲಿಸುತ್ತಿತ್ತು, ಅಪ್ಪನ ಗ್ಯಾಂಗು ಫಲಕಕ್ಕೆ ಒಂದು ಗೇಣು ಆಚೆ. ಕೈತಪ್ಪಿ ಈಚೆಗೆ ಉರುಳಿದ ಜಲ್ಲಿಯನ್ನು ಪೊರಕೆ ಹಿಡಿದು ವಾಪಸ್ಸು ಗುಡಿಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಗ ನಗು ಬರುತ್ತಿತ್ತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅಮ್ಮನ ಕಿಡ್ನಿ ಕೈಕೊಟ್ಟದ್ದು ಈ ಹಗ್ಗಜಗ್ಗಾಟದ ನಡುವೆ. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಬಂದಾಗ ಅವಳ ಮೈಯಲ್ಲಿ ಜೀವ ಅನ್ನುವುದು ಕಣ್ಣಿನಲ್ಲಷ್ಟೇ ಇರುತ್ತಿತ್ತು. ಆಟೋದವರು ಗಡಿಕಲ್ಲಿನವರೆಗೆ ಬಂದು ನಿಂತುಬಿಡುತ್ತಿದ್ದರು. ತಪ್ಪು ಅವರದಲ್ಲ, ಒಳಗೆ ಬಂದರೆ ಆಟೋ ಮಗುಚುತ್ತಿತ್ತು. ಹಾಗಾಗಿ ಕಲ್ಲಿನಿಂದ ಮನೆಯವರೆಗೆ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಿತ್ತು. ಮುಂದೆ ಅಪ್ಪ, ಹಿಂದೆ ಮಾವ, ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಾನು. ರಸ್ತೆ ರಿಪೇರಿಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ಇಬ್ಬರು ಗಂಡಸರು, ಒಬ್ಬ ಹೆಂಗಸನ್ನು ಅವಳ ಬಾಗಿಲಿಗೆ ಮುಟ್ಟಿಸಲು ಗುಂಡಿ ಹಾರುತ್ತಾ ಎಡವುತ್ತಾ ಹೋಗುತ್ತಿದ್ದರು. ಎಡವಿದಾಗಲೆಲ್ಲ ಅಮ್ಮ ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದಳು. ನೋವು ತಡೆಯಲು ಅವಳು ಒಂದು ತಮಾಷೆ ಕಂಡುಕೊಂಡಿದ್ದಳು. ನಾನೀಗ ಯಾರ ಸರಕಾರದಲ್ಲಿದೀನೋ ಎಂದು ತಮ್ಮನನ್ನು ಕೇಳುವಳು. ಮಾವ ಏದುಸಿರು ಬಿಡುತ್ತಾ, ಇನ್ನೂ ಯಾರದರಲ್ಲೂ ಇಲ್ಲ ಅಕ್ಕ ಅನ್ನುವನು. ಪ್ರತಿ ಸಲ ಅದೇ ಪ್ರಶ್ನೆ, ಅದೇ ಉತ್ತರ.

ಮಾವ ಪುರಸಭೆಯಲ್ಲಿ ಕೇಳದೆ ಬಿಟ್ಟವನಲ್ಲ. ಕಂಡಕಂಡ ಮೇಜಿನ ಮುಂದೆ ನಿಂತು ಕೇಳಿದ. ಆ ತುಂಡಿಗೆ ಸನಿಕೆ ತಾಗಿಸಿದರೆ ಕೆಲಸ ಹೋಗುತ್ತದೆ ಎಂದರು. ಅಪ್ಪನ ಕಚೇರಿಯಲ್ಲೂ ಅದೇ ಮಾತು, ಅಕ್ಷರ ಕೂಡ ಹೆಚ್ಚುಕಡಿಮೆ ಇಲ್ಲ. ಬೇರೆ ಯಾವುದರಲ್ಲಾದರೂ ಈ ಎರಡು ಸರಕಾರಗಳು ಇಷ್ಟು ಒಮ್ಮತದಿಂದ ಇದ್ದದ್ದನ್ನು ನಾನು ಕಂಡಿಲ್ಲ. ಮಾವ ಆಮೇಲೆ ಕೇಳುವುದನ್ನೂ ಬಿಟ್ಟ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸುತ್ತಾ ಇರುತ್ತಿದ್ದ, ಅಮ್ಮ ಒಳಗಿನಿಂದ ಗದರಿದರೆ ಎರಡು ತುತ್ತು ತಿನ್ನುತ್ತಿದ್ದ.

ಅಷ್ಟರಲ್ಲಿ ಅಪ್ಪ ನಿವೃತ್ತನಾದ. ಇಲಾಖೆಯವರು ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮರುದಿನ ಬೆಳಿಗ್ಗೆ ಅಪ್ಪ ಹಳೆಯ ಪ್ಯಾಂಟು ಹಾಕಿಕೊಂಡು ಗುದ್ದಲಿ, ಬಾಂಡ್ಲಿ ತೆಗೆದುಕೊಂಡು ಬೀದಿಗಿಳಿದ. ಇವತ್ತಿನಿಂದ ನಾನು ಯಾವ ಸರಕಾರದವನೂ ಅಲ್ಲ, ಯಾವನು ಕೇಳುತ್ತಾನೋ ಕೇಳಲಿ ಎಂದ. ಗಿರಣಿಯವನು ಹಳೆಯ ಗೋಡೆ ಕೆಡವಿದ ಇಟ್ಟಿಗೆಚೂರು ಕೊಟ್ಟ, ಮನೆ ಕಟ್ಟಿಸುತ್ತಿದ್ದ ಇನ್ನೊಬ್ಬರು ಉಳಿದ ಜಲ್ಲಿ ಕೊಟ್ಟರು. ಅಪ್ಪ ಒಂದೊಂದೇ ಗುಂಡಿ ತುಂಬಿ, ನೀರು ಚಿಮುಕಿಸಿ, ಕುಟ್ಟಿ ಗಟ್ಟಿ ಮಾಡುತ್ತಾ ಹೋದ.

ಕೆಲಸಕ್ಕೆ ಹೊರಟಿದ್ದ ಮಾವ ಪುರಸಭೆಯ ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲೇ ಗೇಟಿನ ಹತ್ತಿರ ನಿಂತುಬಿಟ್ಟ. ಕೈ ಹಾಕುವ ಹಾಗಿಲ್ಲ, ಬಿಟ್ಟು ಹೋಗಲು ಮನಸ್ಸಿಲ್ಲ. ಬಾಂಡ್ಲಿ ಎತ್ತಿಕೊಡಲೂ ಹೆದರಿಕೆ. ಅವನ ಕಾಲ ಬಳಿಗೆ ಒಂದು ಜಲ್ಲಿಕಲ್ಲು ಉರುಳಿ ಬಂದರೆ ಹಾವು ಕಂಡವನ ಹಾಗೆ ಹಿಂದೆ ಸರಿದ. ಎಲ್ಲಿ ಇನ್ನೂ ಕುಟ್ಟಬೇಕೋ ಅಲ್ಲಿ ಕೆಮ್ಮಿ ಸೂಚನೆ ಕೊಟ್ಟ. ಕೊನೆಗೆ ಬೇರೇನೂ ತೋಚದೆ ಒಳಗೆ ಹೋಗಿ ಚಹಾ ಮಾಡಿ ತಂದು ಅಪ್ಪನಿಗೆ ಕೊಟ್ಟ. ತಾನು ಇಷ್ಟು ಹುಷಾರಾಗಿದ್ದೇನೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ವಾರ ಆಟೋ ನಮ್ಮ ಬಾಗಿಲಿಗೇ ಬಂತು. ಅಮ್ಮ ತಾನೇ ಗೋಡೆ ಹಿಡಿದು ನಡೆದು ಹೋಗಿ ಹತ್ತಿದಳು. ಸಂಜೆ ವಾಪಸ್ಸು ಬಂದಾಗ ಆಟೋದವನಿಗೆ ಕುಡಿಯಲು ನೀರು ಕೊಡಿಸಿ, ಅವನ ಮನೆಯವರ ಕ್ಷೇಮವೆಲ್ಲ ವಿಚಾರಿಸಿ ಕಳಿಸಿದಳು, ನೆಂಟರನ್ನು ಕಳಿಸುವ ಹಾಗೆ. ನಾನು ಅವಳನ್ನು ಅಷ್ಟು ಖುಷಿಯಾಗಿ ನೋಡಿ ಬಹಳ ಕಾಲವಾಗಿತ್ತು. ಪ್ಲಾಸ್ಟಿಕ್ ಕುರ್ಚಿಯನ್ನು ತೊಳೆದು ಜಗಲಿಗೆ ಹಾಕಿದೆವು.

ಬೀದಿಯಲ್ಲಿ ಯಾರೋ ಫೋನಿನಲ್ಲಿ ಫೋಟೋ ಹೊಡೆದಿದ್ದರು. ಕಿತ್ತಳೆ ಜಾಕೆಟ್ಟು, ಕೈಯಲ್ಲಿ ಚಹಾದ ಲೋಟ, ಎದುರಿಗೆ ತುಂಬಿದ ಗುಂಡಿ. ನೋಡಿ, ಪುರಸಭೆಯವರು ತಮ್ಮ ಮೇಸ್ತ್ರಿಯನ್ನು ನಿಲ್ಲಿಸಿ ಕೆಲಸ ಮಾಡಿಸಿದ್ದಾರೆ, ರಸ್ತೆ ತಮ್ಮದೆಂದು ಒಪ್ಪಿದ್ದಾರೆ ಎಂದು ರಾಜ್ಯದ ವಕೀಲರು ಕೋರ್ಟಿನಲ್ಲಿ ವಾದ ಮಾಡಿದರು. ಗುದ್ದಲಿ ಹಿಡಿದವನು ನಿನ್ನೆಯವರೆಗೆ ನಿಮ್ಮ ಸಂಬಳ ತಿಂದವನು, ಒಪ್ಪಿದವರು ನೀವು ಎಂದು ಪುರಸಭೆಯ ವಕೀಲರು ತಿರುಗಿಸಿ ಹಾಕಿದರು. ರೋಗಿಯೊಬ್ಬಳ ಬಾಗಿಲಿಗೆ ಆಟೋ ಬಂದದ್ದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ರಸ್ತೆಯನ್ನು ಮೊದಲು ಹೇಗಿತ್ತೋ ಹಾಗೆ ಮಾಡಿ ಎಂದು ಆಜ್ಞೆಯಾಯಿತು.

ಪುರಸಭೆಯ ಇಂಜಿನಿಯರಮ್ಮ ನಮ್ಮ ಮನೆಗೇ ಬಂದರು. ಕೆಟ್ಟವರಲ್ಲ, ನಮ್ಮೆಲ್ಲರಷ್ಟೇ ಸುಸ್ತಾಗಿದ್ದರು. ಕೂರಲು ಬೇರೇನೂ ಇಲ್ಲದೆ ಅದೇ ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಹಳೆಯ ಫೋಟೋ ಫೋನಿನಲ್ಲಿ ತೋರಿಸಿ, ಇದರಲ್ಲಿ ಕಾಣುವ ಗುಂಡಿಗಳೆಲ್ಲ ಮತ್ತೆ ಕಾಣಬೇಕು, ಜಾಕೆಟ್ಟು ಹಾಕಿಕೊಂಡು ನಿಂತವರು ನೀವಾದ್ದರಿಂದ ನೀವೇ ತೋಡಿಸಬೇಕು ಎಂದರು. ಇಲ್ಲದಿದ್ದರೆ ಅಮಾನತ್ತು. ಅದನ್ನು ಹೇಳುವಾಗ ಅವರು ಮಾವನ ಮುಖ ನೋಡಲಿಲ್ಲ.

"ಮೇಡಂ, ಇಷ್ಟು ವರ್ಷ ಗುಂಡಿ ಮುಚ್ಚೋಕೆ ಸಂಬಳ ಕೊಟ್ಟಿದೀರಿ. ತೋಡೋಕೆ ನನ್ನ ಕೈಲಾಗಲ್ಲ" ಎಂದ ಮಾವ.

ಹಾಗಾದರೆ ನಾಳೆ ಗುತ್ತಿಗೆದಾರನ ಯಂತ್ರ ಬರುತ್ತದೆ, ನನ್ನ ಕೈಯಲ್ಲೂ ಏನಿಲ್ಲ ಎಂದರು ಅವರು. ಅಪ್ಪ ಎದ್ದು ನಿಂತ. ಯಾರೇ ಆಗಲಿ, ನಾನು ತುಂಬಿದ್ದನ್ನು ಕೆದಕಿದವರು ಈ ಮನೆ ಹೊಸ್ತಿಲು ತುಳಿಯಬಾರದು ಎಂದ. ಮಾತು ಎಲ್ಲರಿಗೂ ಅಂದದ್ದು, ನೋಡಿದ್ದು ಮಾವನನ್ನು.

ಆಗ ಒಳಗಿನ ಮಂಚದಿಂದ ಅಮ್ಮನ ದನಿ ಬಂತು.

"ನೀನೇ ತೋಡೋ. ಬೇರೆಯವರಾದರೆ ಆಳ ತೋಡ್ತಾರೆ."

ಇಂಜಿನಿಯರಮ್ಮ ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಅಪ್ಪ ಹಿತ್ತಿಲಿಗೆ ಹೋಗಿ ಕೂತವನು ಊಟಕ್ಕೂ ಬರಲಿಲ್ಲ.

ಮಾರನೆಯ ದಿನ ಮಾವ ಆಳುಗಳನ್ನು ಕರೆಯದೆ ಒಬ್ಬನೇ ತೋಡಿದ. ಬೆಳಿಗ್ಗೆಯಿಂದ ಬಿಸಿಲು ನೆತ್ತಿಗೇರುವ ತನಕ ಪಿಕಾಸಿಯ ಸದ್ದು ಮನೆಯೊಳಗೆ ಕೇಳುತ್ತಿತ್ತು. ಅಪ್ಪ ಗಟ್ಟಿಯಾಗಿ ಕುಟ್ಟಿದ್ದ, ಸುಲಭಕ್ಕೆ ಬಿಡುತ್ತಿರಲಿಲ್ಲ. ಮಾವ ಒಂದಿಷ್ಟು ತೋಡುವುದು, ಗಡಿಕಲ್ಲಿನ ಹತ್ತಿರ ಹೋಗಿ ನಿಂತು ನೋಡುವುದು, ಮತ್ತೆ ಬಂದು ತೋಡುವುದು. ನಾನು ಚಹಾ ಒಯ್ದರೆ, ಬೇಡಮ್ಮ, ಈ ಚಹಾದಿಂದಲೇ ಇಷ್ಟೆಲ್ಲ ಆಗಿದ್ದು ಎಂದ. ನಗಿಸಲು ಹೇಳಿದ್ದೇ ಇರಬೇಕು, ಆದರೆ ಅವನ ಕಣ್ಣು ತುಂಬಿತ್ತು, ನನ್ನದೂ.

ಇಂಜಿನಿಯರಮ್ಮ ಬಂದು ಗಡಿಕಲ್ಲಿನ ಪಕ್ಕ ನಿಂತರು. ಹಳೆಯ ಫೋಟೋ ತೆಗೆದದ್ದು ಅಲ್ಲಿಂದಲೇ. ಹೊಸದೊಂದು ಫೋಟೋ ತೆಗೆದು ಎರಡನ್ನೂ ತಾಳೆ ನೋಡಿದರು. ಆಮೇಲೆ ಗುಂಡಿಗಳ ನಡುವೆ ನಡೆದು ನಮ್ಮ ಗೇಟಿನವರೆಗೆ ಬಂದರು, ನಿಂತು ತಾವು ನಡೆದು ಬಂದ ಜಾಗವನ್ನು ತಿರುಗಿ ನೋಡಿದರು. ಸರಿಯಾಗಿದೆ ಮೇಸ್ತ್ರಿ, ಎಂದು ಹೊರಟು ಹೋದರು.

ಅವರು ಕಂಡದ್ದೇನು ಅನ್ನುವುದು ನಮಗೆ ಗೊತ್ತಾದದ್ದು ಅಮ್ಮನ ಆಸ್ಪತ್ರೆಯ ದಿನ. ಆಟೋ ಮತ್ತೆ ಕಲ್ಲಿನ ಹತ್ತಿರವೇ ನಿಂತಿತ್ತು. ಕುರ್ಚಿ ಜಗಲಿಯಿಂದ ಇಳಿಯಿತು. ಅಪ್ಪ ಮಾವನ ಜೊತೆ ಮಾತು ಬಿಟ್ಟಿದ್ದ, ಆದರೂ ಕುರ್ಚಿಯ ಮುಂದಿನ ಕಾಲುಗಳನ್ನು ಹಿಡಿದ. ಗೇಟು ದಾಟಿ, ಹಳೆಯ ಅಭ್ಯಾಸದಂತೆ ಗುಂಡಿ ತಪ್ಪಿಸಲು ಅಳುಕುತ್ತಾ ಕಾಲಿಟ್ಟ.

"ಎಡಕ್ಕೆ ಬನ್ನಿ ಭಾವ" ಎಂದ ಮಾವ ಹಿಂದಿನಿಂದ. "ಇಲ್ಲಿ ಸ್ವಲ್ಪ ಬಲಕ್ಕೆ. ಧೈರ್ಯವಾಗಿ ಇಡಿ ಕಾಲು."

ಗುಂಡಿಗಳೆಲ್ಲ ಇದ್ದವು, ಫೋಟೋದಲ್ಲಿ ಇದ್ದ ಹಾಗೇ. ಕಲ್ಲಿನ ಹತ್ತಿರ ನಿಂತು ನೋಡಿದರೆ ಒಂದರ ಬೆನ್ನಿಗೆ ಇನ್ನೊಂದು, ಕಾಲಿಡಲು ಜಾಗವೇ ಕಾಣದು. ಆದರೆ ಅವುಗಳ ನಡುವೆ, ನಮ್ಮ ಗೇಟಿನಿಂದ ಗಡಿಕಲ್ಲಿನವರೆಗೆ, ಅಪ್ಪ ಕುಟ್ಟಿದ ನೆಲವನ್ನು ಮಾವ ಮುಟ್ಟದೆ ಬಿಟ್ಟಿದ್ದ. ಅಂಕುಡೊಂಕಾದ ಒಂದು ಪಟ್ಟಿ, ಕುರ್ಚಿ ಹೊತ್ತವರು ನಡೆಯುವಷ್ಟು ಅಗಲ. ಅಪ್ಪನ ಕಾಲು ಒಮ್ಮೆಯೂ ಕುಸಿಯಲಿಲ್ಲ. ಅರ್ಧ ದಾರಿಯಲ್ಲಿ ಅವನ ನಡಿಗೆ ಬದಲಾಯಿತು, ಹೆಗಲು ಸಡಿಲವಾಯಿತು.

ಅಮ್ಮ ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡೇ ಕೂತಿದ್ದಳು. ಕುಲುಕು ಬರಲಿಲ್ಲವೆಂದು ಕಣ್ಣು ಬಿಟ್ಟಳು. ಕೆಳಗೆ ನೋಡಿದಳು, ಆಮೇಲೆ ಎಂದಿನಂತೆ ಕೇಳಿದಳು.

"ನಾನೀಗ ಯಾರ ಸರಕಾರದಲ್ಲಿದೀನೋ?"

ಮಾವನಿಗೆ ಉಸಿರು ಸಾಲದೆ ಉತ್ತರ ತಡವಾಯಿತು. ಅಪ್ಪ ತಿರುಗಿ ನೋಡದೆ ಹೇಳಿದ, "ನಿನ್ನ ತಮ್ಮನ ಸರಕಾರದಲ್ಲಿ. ಸುಮ್ಮನೆ ಕೂತ್ಕೋ."

ಕಲ್ಲಿನ ಹತ್ತಿರ ಆಟೋದವನು ಸೀಟು ಒರೆಸಿಟ್ಟು ಕಾಯುತ್ತಿದ್ದ.