ಪಂಚಾಕ್ಷರಯ್ಯನ ಕರಪತ್ರ, ಬೈರಯ್ಯನ ಕೂಗು

ನಮ್ಮ ಸೋದರತ್ತೆ ಶಿವಗಂಗಮ್ಮನ ಗಂಡ ಪಂಚಾಕ್ಷರಯ್ಯನವರು ಆ ಕಾಲದಲ್ಲೇ ಹಾಸನದಲ್ಲಿ ಜಾಹೀರಾತಿನ ಕಚೇರಿ ಇಟ್ಟಿದ್ದರು ಎಂದರೆ ಈಗಿನವರು ನಂಬುವುದಿಲ್ಲ. ಸಾವಿರದ ಒಂಬೈನೂರ ಮೂವತ್ತಾರರ ಮಾತು. ಅಚ್ಚುಕೂಟವೊಂದರ ಅಟ್ಟದ ಮೇಲೆ ಒಂದು ಕೋಣೆ, ಒಂದು ಮೇಜು, ಮಸಿಕುಡಿಕೆ. ಕೆಳಗೆ ಯಂತ್ರ ತಿರುಗಿದರೆ ಮೇಲೆ ಮೇಜು ನಡುಗುತ್ತಿತ್ತಂತೆ. ಮೇಷ್ಟ್ರ ಕೆಲಸ ಬಿಟ್ಟು ಬಂದ ಮಾವ ಅಲ್ಲಿ ಕೂತು ನಶ್ಯಕ್ಕೆ, ಸೀರೆ ಅಂಗಡಿಗೆ, ಟೆಂಟಿನ ಸಿನಿಮಾಕ್ಕೆ ಕರಪತ್ರ ಬರೆಯುತ್ತಿದ್ದರು. ಒಂದು ಪದಕ್ಕಾಗಿ ಅರ್ಧ ದಿನ ಯೋಚಿಸುತ್ತಿದ್ದರು. ಬರೆದದ್ದನ್ನು ತಮಟೆ ಬಡಿದು ಸಂತೆಗಳಲ್ಲಿ ಕೂಗುವವನು ಬೈರಯ್ಯ. ಅವನಿಗೆ ಓದು ಬಾರದು. ಮಾವ ಎರಡು ಸಲ ಹೇಳಿದರೆ ಇಡೀ ಕರಪತ್ರ ಬಾಯಿಗೆ ಬರುತ್ತಿತ್ತು.

ಹಾಸನದ ವ್ಯಾಪಾರಿ ಚಂದ್ರಶೇಖರಯ್ಯನವರಿಗೆ ತಮ್ಮ ಕಾಫಿಪುಡಿಯನ್ನು ಹಳ್ಳಿಯ ಮನೆಗಳಿಗೆ ಮುಟ್ಟಿಸಬೇಕೆಂಬ ಆಸೆ. ಆಗ ಹಳ್ಳಿಯವರ ಲೆಕ್ಕದಲ್ಲಿ ಕಾಫಿ ಎಂದರೆ ಪೇಟೆಯವರು ಕುಡಿಯುವಂಥದ್ದು. ಮಾವ ಮೂರು ದಿನ ಕೂತು ಬರೆದರು: ‘ಸುವಾಸನಾಭರಿತ, ಶ್ರಮಪರಿಹಾರಕ, ಬುದ್ಧಿವರ್ಧಕ ಪೇಯ.’ ಚನ್ನರಾಯಪಟ್ಟಣದ ಸಂತೆಯಲ್ಲಿ ಹಂಡೆ ತುಂಬ ಕಾಫಿ ಕಾಯಿಸಿ ಬಿಟ್ಟಿಯಾಗಿ ಹಂಚುವುದೆಂದು ಏರ್ಪಾಡಾಯಿತು. ತಮ್ಮ ಮಾತು ಜನಕ್ಕೆ ಹೇಗೆ ಹಿಡಿಸುತ್ತದೆಂದು ನೋಡಲು ಆ ದಿನ ಮಾವನೂ ಬಸ್ಸು ಹತ್ತಿದರು.

ಬೈರಯ್ಯ ಹೇಳಿಕೊಟ್ಟಂತೆಯೇ ಕೂಗಿದ. ಯಾರೂ ತಿರುಗಿ ನೋಡಲಿಲ್ಲ. ಕರಪತ್ರ ಇಸಕೊಂಡವರು ಅದರಲ್ಲಿ ಹೊಗೆಸೊಪ್ಪು ಸುತ್ತಿಕೊಂಡರು. ತೆಂಗಿನಕಾಯಿ ಮಂಕರಿ ಹೊತ್ತ ಹೆಂಗಸರು ಹಂಡೆಯನ್ನು ದೂರದಿಂದ ನೋಡಿ ಮುಂದೆ ಹೋಗುತ್ತಿದ್ದರು. ಬೈರಯ್ಯ ತಮಟೆ ನಿಲ್ಲಿಸಿ ಅವರನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೂಗಿದ್ದು ಕರಪತ್ರದಲ್ಲಿ ಇರಲಿಲ್ಲ.

“ನಾಟಿ ಮಾಡಿ ಬಂದವ್ರೆ, ಒಲೆ ಮುಂದೆ ಬೆಂದವ್ರೆ, ಒಂದ್ ಗಳಿಗೆ ಕುಂತ್ಕಳ್ರವ್ವಾ. ಕುಂತ್ಕಂಡು ಕುಡೀರಿ. ಕೆಲ್ಸ ಎಲ್ಲೂ ಓಗಲ್ಲ.”

ಒಬ್ಬಳು ಮಂಕರಿ ಇಳಿಸಿ ಕೂತಳು. ಅವಳನ್ನು ನೋಡಿ ಇನ್ನಿಬ್ಬರು. ಮಧ್ಯಾಹ್ನದ ಹೊತ್ತಿಗೆ ಹಂಡೆ ಬರಿದಾಯಿತು.

ಮಾವನಿಗೆ ಸಿಟ್ಟು ಬಂದಿತ್ತು. ಮನೆಗೆ ಬಂದು ಕೈಕಾಲು ತೊಳೆದವರೇ ಅತ್ತೆಯನ್ನು ಕೇಳಿದರು, ನೀನು ಕಾಫಿ ಕೂತು ಕುಡೀತೀಯಾ, ನಿಂತು ಕುಡೀತೀಯಾ ಎಂದು.

“ಕೂತು ಕುಡಿಯಕ್ಕೆ ನಂಗ್ಯಾವಾಗ ಪುರುಸೊತ್ತು?” ಎಂದರು ಅತ್ತೆ.

ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಮಾವ ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ. ಮರುದಿನ ಹಳೆಯ ಕರಪತ್ರವನ್ನು ಹರಿದು ಹೊಸದು ಬರೆದರು. ಅದರಲ್ಲಿ ಇದ್ದದ್ದೆಲ್ಲ ಬೈರಯ್ಯನ ಮಾತೇ.

ಹೊಳೆನರಸೀಪುರ, ಅರಕಲಗೂಡು ಎಲ್ಲ ಕಡೆ ಆ ಪುಡಿ ಹೋಯಿತು. ಚಂದ್ರಶೇಖರಯ್ಯ ಇಬ್ಬರನ್ನೂ ಮನೆಗೆ ಕರೆಸಿದರು. ಮಾವನನ್ನು ನಡುಮನೆಯಲ್ಲಿ ಜಮಖಾನದ ಮೇಲೆ ಕೂರಿಸಿ ಬೆಳ್ಳಿ ಲೋಟ ಕೊಟ್ಟು ಹೊಗಳಿದರು. ಬಾಗಿಲಾಚೆ, ಅಂಗಳದ ಮೂಲೆಯಲ್ಲಿ ಬೈರಯ್ಯ ನಿಂತುಕೊಂಡು ಕರಟದಲ್ಲಿ ಕಾಫಿ ಕುಡಿಯುತ್ತಿದ್ದ. ಆ ಮಾತು ತಮ್ಮದಲ್ಲ, ಬೈರಯ್ಯನದು ಎಂದರು ಮಾವ. ಅವನು ಕೂಗೋನು, ಬರೆದೋರು ನೀವು ಎಂದು ವ್ಯಾಪಾರಿ ನಕ್ಕುಬಿಟ್ಟರು. ಮಾವ ಲೋಟ ಹಿಡಿದು ಎದ್ದು ಹೊರಗೆ ಬಂದು ಜಗಲಿಯ ಮೇಲೆ ಕೂತರು.

“ಬಾ ಬೈರಯ್ಯ, ಕೂತ್ಕೊ.”

“ಬ್ಯಾಡಿ ಅಯ್ನೋರೆ. ನಾಳೆ ನಿಮ್ಗೇ ತೊಂದ್ರೆ ಆಯ್ತದೆ.”

“ನೀನು ಕೂತ್ಕೊಳ್ಳೋವರ್ಗೂ ನಾನು ಏಳಲ್ಲ.”

ಬೈರಯ್ಯ ಬಹಳ ಹೊತ್ತು ಹಾಗೇ ನಿಂತಿದ್ದ. ಕೊನೆಗೆ ಒಂದು ಮಾರು ದೂರದಲ್ಲಿ, ಜಗಲಿಯ ಅಂಚಿನಲ್ಲಿ, ಯಾವ ಗಳಿಗೆಯಲ್ಲಾದರೂ ಏಳಲು ಸಿದ್ಧನಾದವನಂತೆ ಕೂತ.

ಅವನು ಹೇಳಿದಂತೆಯೇ ಆಯಿತು. ಚಂದ್ರಶೇಖರಯ್ಯ ಕೆಲಸ ಕೊಡುವುದನ್ನು ನಿಲ್ಲಿಸಿದರು. ಅವರನ್ನು ನೋಡಿ ಇನ್ನೆರಡು ಅಂಗಡಿಯವರೂ. ಒಂದು ವರ್ಷ ಮಾವ ಹುಡುಗರಿಗೆ ಮನೆಪಾಠ ಹೇಳಿ ಸಂಸಾರ ತೂಗಿಸಿದರು. ಬೈರಯ್ಯ ಬೇರೆ ಕಡೆ ಹೋಗಬಹುದಿತ್ತು, ಹೋಗಲಿಲ್ಲ. ಬೆಳಗಾದರೆ ತಮಟೆಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡಿಕೊಂಡು ಮನೆ ಮುಂದೆ ಹಾಜರಾಗುತ್ತಿದ್ದ. ಆ ದಿನಗಳ ಬಗ್ಗೆ ಅತ್ತೆ ಏನನ್ನೂ ಮುಚ್ಚಿಡದೆ ಹೇಳುತ್ತಿದ್ದರು: “ನಾನೂ ಮೊದ್ಲು ಅವನ ಲೋಟ ಬೇರೆ ಇಟ್ಟಿದ್ದೆ ಕಣೋ. ಯಾವಾಗ ನಮ್ ಲೋಟದ ಜೊತೆ ಬೆರ್ತೋಯ್ತೋ ಗ್ಯಾಪ್ಕನೇ ಇಲ್ಲ.”

ಆಮೇಲೆ ಯುದ್ಧ ಬಂತು. ಕಾಗದ ಸಿಗದೆ ಕರಪತ್ರ ನಿಂತಿತು. ಮಾವನ ಲೇಖನಿಗೆ ಕೆಲಸವಿಲ್ಲದಾಗ ಬೈರಯ್ಯನ ಗಂಟಲೇ ಕಚೇರಿಯನ್ನು ಸಾಕಿತು. ಬಿಟ್ಟುಹೋಗಿದ್ದ ಅಂಗಡಿಯವರು ಒಬ್ಬೊಬ್ಬರಾಗಿ ಅಟ್ಟದ ಮೆಟ್ಟಿಲು ಹತ್ತಿ ಬಂದರು. ಇಬ್ಬರೂ ಸೈಕಲ್ಲು ತಳ್ಳಿಕೊಂಡು ಊರೂರು ಸುತ್ತಿದರು. ದಾರಿಯುದ್ದಕ್ಕೂ, ಈ ಊರವರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬುದೇ ಮಾತು. ಆ ವರ್ಷಗಳೇ ತಮ್ಮ ಬದುಕಿನ ಒಳ್ಳೆಯ ವರ್ಷಗಳೆಂದು ಮಾವ ಕೊನೆತನಕ ಹೇಳಿದರು.

ನಲವತ್ತೇಳರಲ್ಲಿ ಸಿನಿಮಾ ಟೆಂಟಿನವರು ಎತ್ತಿನಗಾಡಿಗೆ ಧ್ವನಿವರ್ಧಕ ಕಟ್ಟಿಕೊಂಡು ಪೇಟೆ ಬೀದಿಯಲ್ಲಿ ಬಂದರು. ಊರೆಲ್ಲ ಬಾಗಿಲಿಗೆ ಬಂದು ನಿಂತಿತು. ಇವರಿಬ್ಬರೂ ರಸ್ತೆ ಬದಿಯಲ್ಲಿ ನಿಂತು ಗಾಡಿ ಮರೆಯಾಗುವವರೆಗೂ ಕೇಳಿದರು. ಹೇಗಿದೆ ಎಂದು ಮಾವ ಕೇಳಿದರು.

“ಗಂಟ್ಲೇನೋ ಜೋರಾಗೇ ಅದೆ ಅಯ್ನೋರೆ,” ಎಂದ ಬೈರಯ್ಯ. “ಆದ್ರೆ ಎದುರಿಗೆ ಯಾರವ್ರೆ ಅಂತ ಅದ್ಕೆ ಕಾಣಾಕಿಲ್ಲ.”

ಆ ದಿನ ಮೊಸಳೆ ಎಂಬ ಹಳ್ಳಿಯಲ್ಲಿ ಬಟ್ಟೆ ಅಂಗಡಿಯೊಂದರ ಕೆಲಸವಿತ್ತು. ಬಿಸಿಲೇರುವ ಮುಂಚೆ ತಲುಪಬೇಕೆಂದು ಇಬ್ಬರೂ ಹೊರಟರು.