ಬಾವಿ ನೀರಿನಲ್ಲಿ ಸೀಸ

ಐನಾಪುರದ ತೋಟವೊಂದರಲ್ಲಿ, ಬಾವಿಯಿಂದ ಸೇದಿದ ನೀರಿನ ಲೋಟಕ್ಕೆ ನನ್ನ ಯಂತ್ರದ ಎಲೆಕ್ಟ್ರೋಡ್ ಕಡ್ಡಿಯನ್ನು ಇಳಿಸಿದ್ದೆ ಅಷ್ಟೇ. ತೋಟದೊಡತಿ ಶಾಂತವ್ವ ಬಗ್ಗಿ ನೋಡಿದರು.

“ಏನ್ ಹುಡಕಾಕತ್ತೀರಿ ಸರ?”

“ಬಾವಿ ನೀರಾಗ ಸೀಸಾ ಐತೇನು ನೋಡಾಕತ್ತೇನ್ರಿ. ಈ ಕಡ್ಡಿಗೆ ಔಷಧ ಹಚ್ಚೇವ್ರಿ, ಎಳ್ಳಕಾಳಷ್ಟ ಇದ್ರೂ ಹಿಡೀತೈತಿ,” ಎಂದೆ.

ಕಟ್ಟೆಯ ಮೇಲೆ ಕೂತಿದ್ದ ಅವರ ಗಂಡ ಕಲ್ಲಪ್ಪ ಕಾಕಾ ಚಹಾದ ಬಸಿಯನ್ನು ಕೆಳಗಿಟ್ಟು ಬಾವಿಯತ್ತ ನೋಡಿದರು. ಅಷ್ಟರಲ್ಲಿ ಯಂತ್ರ ಕುಂಯ್ ಎಂದಿತು. ಪರೀಕ್ಷೆ ಶುರುವಾದಾಗ ಅದು ಹಾಗೆ ಕೂಗುವುದೇ ವಾಡಿಕೆ. ಕಾಕಾ ಮಾತ್ರ ದಡಕ್ಕನೆ ಎದ್ದು ನಿಂತರು.

“ಒಂದ ಐತ್ರಿ ಸರ. ಅದೂ ಅರ್ಧಾ!”

ನಾನು ಹುಡುಕುತ್ತಿದ್ದದ್ದು ನೀರಿನಲ್ಲಿ ಕರಗಿ ಮೈಗೆ ವಿಷವಾಗುವ ಲೋಹವನ್ನು. ನಮ್ಮ ಕಡೆ ಬಾಟಲಿಗೂ ಸೀಸಾ ಎನ್ನುತ್ತಾರೆಂಬುದು ಆಗ ಹೊಳೆಯಿತು. ಶಾಂತವ್ವ ಆಗಲೇ ಬಾವಿಯ ಒಳಗೋಡೆಯ ಗೂಟಕ್ಕೆ ಕಟ್ಟಿದ್ದ ಹಗ್ಗವನ್ನು ಜಗ್ಗುತ್ತಿದ್ದರು. ಕುತ್ತಿಗೆಗೆ ಗಂಟು ಬಿಗಿಸಿಕೊಂಡ ದಾರೂ ಬಾಟಲಿಯೊಂದು ನೀರು ತೊಟ್ಟಿಕ್ಕಿಸುತ್ತ, ತಣ್ಣಗೆ ಮೇಲೆ ಬಂತು.

“ಬಿಟ್ಟೇನಿ ಅಂತ ಕೊಕಟನೂರ ಯಲ್ಲಮ್ಮನ ಆಣಿ ಮಾಡಿದ್ರಲ್ಲಾ!”

ನೀರಿನಲ್ಲಿ ಸೀಸದ ಸುಳಿವೂ ಇಲ್ಲವೆಂದು ಯಂತ್ರ ತೋರಿಸಿತು. ಆ ಸಿಹಿಸುದ್ದಿಯನ್ನು ಕೇಳಿಸಿಕೊಳ್ಳುವವರೇ ಅಲ್ಲಿರಲಿಲ್ಲ. ಕಾಕಾ ಕಬ್ಬಿನ ಗದ್ದೆಯತ್ತ ಓಡಿದ್ದರು, ಶಾಂತವ್ವ ಅವರ ಬೆನ್ನು ಹತ್ತಿದ್ದರು.

ಅಂದಿನಿಂದ ನಾನು ‘ಲೆಡ್’ ಎಂದೇ ಹೇಳುತ್ತೇನೆ. ಶಾಂತವ್ವ ಮಾತ್ರ ಈಗಲೂ ಆಗಾಗ ಫೋನ್ ಮಾಡುತ್ತಾರೆ. “ಮಶೀನ್ ತರದಿದ್ರೂ ನಡೀತೈತ್ರಿ ಸರ. ಆ ಕಡ್ಡಿ ಒಂದ ಹಿಡಕೊಂಡು ಬಾವಿ ಸುತ್ತ ಅಡ್ಡಾಡಿ ಹೋಗ್ರಿ, ಸಾಕು.”