ಭಾಗ್ಯಕ್ಕನ ಶುಗರ್, ನನ್ನ ಥೈರಾಯ್ಡ್

ಬೆಳಿಗ್ಗೆ ಆರು ಗಂಟೆಗೆ ನಮ್ಮ ಅಡುಗೆಮನೆಯಿಂದ ಡಿಕಾಕ್ಷನ್ ವಾಸನೆ ಹೊರಡುತ್ತದೆ. ನಡುಮನೆ ದಾಟಿ, ನಾನು ಕೂತಿರುವ ಜಗಲಿಯವರೆಗೂ ಹುಡುಕಿಕೊಂಡು ಬರುತ್ತದೆ. ನೀವು ಕಾಫಿ ಕುಡಿಯುವವರಾದರೆ ನನ್ನ ಕಷ್ಟ ನಿಮಗೆ ಅರ್ಥವಾದೀತು. ಆಗಷ್ಟೇ ಥೈರಾಯ್ಡ್ ಮಾತ್ರೆ ನುಂಗಿರುತ್ತೇನೆ. ಖಾಲಿ ಹೊಟ್ಟೆ, ಬರೀ ನೀರು, ಆಮೇಲೆ ಒಂದು ಗಂಟೆ ಏನೂ ಕೂಡದು. ಮನೆಮಂದಿಯೆಲ್ಲ ಸೊರ್ ಸೊರ್ ಎಂದು ಕಾಫಿ ಹೀರುವಾಗ ನನ್ನ ಲೋಟ ಒಲೆಯ ಪಕ್ಕದಲ್ಲಿ ಮುಚ್ಚಳ ಹಾಕಿಸಿಕೊಂಡು ಕೂತಿರುತ್ತದೆ. ಮುಚ್ಚಿಡುವವಳು ನನ್ನ ಓರಗಿತ್ತಿ ಭಾಗ್ಯಕ್ಕ, ಈ ಮನೆಯ ಹಿರಿಯ ಸೊಸೆ. ನಾನು ಕಿರಿಯವಳು. ಇವತ್ತು ಒಲೆಯ ಪಕ್ಕ ಮುಚ್ಚಳ ಹಾಕಿದ ಲೋಟ ಎರಡಿವೆ. ಎರಡನೆಯದು ಯಾರದು ಎಂದು ಹೇಳಬೇಕಾದರೆ ನನ್ನ ಹೊಟ್ಟೆಕಿಚ್ಚಿನ ಕಥೆಯನ್ನು ಮೊದಲಿಂದ ಹೇಳಬೇಕು.

ಓರಗಿತ್ತಿಯರ ನಡುವಿನ ಹೊಟ್ಟೆಕಿಚ್ಚು ಎಂದೊಡನೆ ನೀವು ಒಡವೆ, ಸೀರೆ, ಅತ್ತೆಯ ಪ್ರೀತಿ ಎಂದೆಲ್ಲ ಊಹಿಸುತ್ತೀರಿ. ನನ್ನದು ಸ್ವಲ್ಪ ಬೇರೆ ಜಾತಿಯದು. ನನಗೆ ಹೊಟ್ಟೆಕಿಚ್ಚು ಇದ್ದದ್ದು ಭಾಗ್ಯಕ್ಕನ ಕಾಯಿಲೆಯ ಮೇಲೆ.

ನಮ್ಮೂರು ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯಿಂದ ಎರಡು ಮೈಲಿ ಒಳಕ್ಕೆ. ಭಾಗ್ಯಕ್ಕ, ಭಾವ ಹೊಲ ಮತ್ತು ಹಸು ನೋಡಿಕೊಳ್ಳುತ್ತಾರೆ. ನನ್ನ ಗಂಡನಿಗೆ ಸೋಂಪುರದ ಕಾರ್ಖಾನೆಯಲ್ಲಿ ಕೆಲಸ. ನಾನು ಹತ್ತಿರದ ಹೈಸ್ಕೂಲಿನಲ್ಲಿ ಗುಮಾಸ್ತೆ. ಒಂಬತ್ತು ವರ್ಷದ ಹಿಂದೆ ನನಗೆ ಇದ್ದಕ್ಕಿದ್ದಂತೆ ಸುಸ್ತು ಶುರುವಾಯಿತು. ಕೂತರೆ ಏಳಲು ಮನಸ್ಸಿಲ್ಲ, ಎದ್ದರೆ ನಿಲ್ಲಲು ಶಕ್ತಿಯಿಲ್ಲ. ಬಾಚಣಿಗೆಯ ತುಂಬ ಕೂದಲು. ಮುಖ ಊದಿಕೊಂಡು, ದನಿ ಒಡೆದು, ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರುಗಳೇ ತಪ್ಪತೊಡಗಿದವು. ದೊಡ್ಡಬಳ್ಳಾಪುರಕ್ಕೆ ಹೋಗಿ ರಕ್ತ ಕೊಟ್ಟು ಬಂದೆ. ಥೈರಾಯ್ಡ್ ಎಂದರು. ಅತ್ತೆಗೆ ಹೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಲ್ಲೈತೆ ಅದು?"

"ಕುತ್ತಿಗೇಲಿ ಅತ್ತೆ."

"ಏನೂ ಕಾಣಲ್ವಲ್ಲ. ಗುಂಡುಗುಂಡಗೆ ಚೆನ್ನಾಗೇ ಇದ್ದೀಯ."

ನನ್ನ ಕಾಯಿಲೆಯ ಸ್ವಾಗತ ಸಮಾರಂಭ ಅಲ್ಲಿಗೆ ಮುಗಿಯಿತು.

ಆರು ತಿಂಗಳಿಗೆ ಭಾಗ್ಯಕ್ಕನಿಗೆ ಶುಗರ್ ಬಂತು. ಅವತ್ತು ಮನೆಯಲ್ಲಿ ಆದ ಗದ್ದಲವನ್ನು ನೀವು ನೋಡಬೇಕಿತ್ತು. ಅತ್ತೆ ಕಣ್ಣೀರು ಹಾಕಿದರು. ಭಾವ ಬೆಳಿಗ್ಗೆ ಅವಳ ಜೊತೆ ಕೆರೆ ಏರಿಯ ಮೇಲೆ ವಾಕಿಂಗ್ ಶುರು ಮಾಡಿದರು, ಮದುವೆಯಾದ ಹೊಸತರಲ್ಲೂ ಜೊತೆಯಲ್ಲಿ ನಡೆಯದಿದ್ದ ಮನುಷ್ಯ. ನೆಂಟರು ಬಂದರೆ ಮೊದಲ ಪ್ರಶ್ನೆಯೇ "ಈಗ ಎಷ್ಟೈತೆ ಭಾಗ್ಯ?" ಊಟಕ್ಕೆ ಮುಂಚೆ ಇಷ್ಟು, ಊಟ ಆದ ಮೇಲೆ ಇಷ್ಟು ಎಂದು ಅವಳು ಹೇಳುವುದು, ಅವರು ತಮ್ಮದನ್ನು ಹೇಳುವುದು. ಮದುವೆಮನೆಯಲ್ಲಿ ಸಕ್ಕರೆ ಹಾಕದ ಕಾಫಿಗೆ ಬೇರೆ ಫ್ಲಾಸ್ಕು. "ಇಲ್ಲಿ ಶುಗರ್ ಇರೋರ್ಯಾರು?" ಎಂದು ಕೇಳಿಕೊಂಡು ಬಂದು ಕೊಡುತ್ತಾರೆ. ಇಲ್ಲಿ ಥೈರಾಯ್ಡ್ ಇರೋರ್ಯಾರು ಎಂದು ಇವತ್ತಿನವರೆಗೂ ಯಾವ ಮದುವೆಯಲ್ಲೂ ಯಾರೂ ಕೇಳಿಲ್ಲ.

ಒಂದು ಸಲ ಬೀಗರೂಟದಲ್ಲಿ ನಾನೇ ಮೇಲೆ ಬಿದ್ದು ನನ್ನ ಸಂಖ್ಯೆ ಹೇಳಿದೆ. "ಜಾಸ್ತಿನಾ ಕಮ್ಮಿನಾ?" ಎಂದರು ಚಿಕ್ಕತ್ತೆ. ರಿಪೋರ್ಟಿನಲ್ಲಿ ಸಂಖ್ಯೆ ಜಾಸ್ತಿಯಾದರೆ ಥೈರಾಯ್ಡ್ ಕಮ್ಮಿ ಕೆಲಸ ಮಾಡುತ್ತಿದೆ ಎಂದರ್ಥ, ಸಂಖ್ಯೆ ಕಮ್ಮಿಯಾದರೆ ಜಾಸ್ತಿ ಮಾಡುತ್ತಿದೆ ಎಂದರ್ಥ ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಮಟನ್ ಬಡಿಸುವವರು ಬಂದರು. ಚಿಕ್ಕತ್ತೆಯ ಗಮನ ಬಕೆಟ್ಟಿನ ಕಡೆ ಹೋಯಿತು, ವಾಪಸ್ ಬರಲಿಲ್ಲ.

ಡಾಕ್ಟರ ವಿಷಯಕ್ಕೆ ಬಂದರೆ ಹೊಟ್ಟೆ ಇನ್ನೂ ಉರಿಯುತ್ತಿತ್ತು. ಇಬ್ಬರೂ ಹೋಗುತ್ತಿದ್ದದ್ದು ಒಂದೇ ಕಟ್ಟಡಕ್ಕೆ. ನಾನು ಎರಡು ಗಂಟೆ ಟೋಕನ್ ಹಿಡಿದು ಕಾದು ಒಳಗೆ ಹೋದರೆ, ಡಾಕ್ಟರು ನನ್ನ ಮುಖಕ್ಕಿಂತ ಮೊದಲು ರಿಪೋರ್ಟು ನೋಡುತ್ತಿದ್ದರು. ನೋಡಿ ಆದ ಮೇಲೂ ಮುಖದ ಸರದಿ ಬರುತ್ತಿರಲಿಲ್ಲ. "ಡೋಸ್ ಜಾಸ್ತಿ ಮಾಡಿದೀನಿ. ಮೂರು ತಿಂಗಳು ಬಿಟ್ಟು ಬನ್ನಿ." ಸಾರ್, ತುಂಬಾ ಸುಸ್ತು ಎಂದರೆ "ತೂಕ ಇಳಿಸಿ" ಎನ್ನುತ್ತಿದ್ದರು. ಸಾರ್, ತೂಕ ಇಳಿಯುತ್ತಲೇ ಇಲ್ಲ ಎಂದರೆ "ವಾಕಿಂಗ್ ಮಾಡಿ." ಸುಸ್ತಾಗಿರುವವಳು ವಾಕಿಂಗ್ ಹೇಗೆ ಮಾಡಲಿ ಎಂದು ಕೇಳುವಷ್ಟರಲ್ಲಿ ಮುಂದಿನ ಟೋಕನ್ನಿನವರು ಒಳಗೆ ಬಂದು ನಿಂತಿರುತ್ತಿದ್ದರು. ಇಪ್ಪತ್ತೈದರಿಂದ ಐವತ್ತು, ಐವತ್ತರಿಂದ ಎಪ್ಪತ್ತೈದು, ಅಲ್ಲಿಂದ ನೂರು. ನನ್ನ ಮಾತ್ರೆ ಮಾತ್ರ ತಪ್ಪದೆ ಪಾಸಾಗುತ್ತಿತ್ತು. ನಾನು ಇದ್ದ ತರಗತಿಯಲ್ಲೇ ಇದ್ದೆ.

ಭಾಗ್ಯಕ್ಕನ ಶುಗರ್ ಡಾಕ್ಟರು ಗುರುವಾರ ಬರುತ್ತಿದ್ದರು. ಅವಳನ್ನು ಅರ್ಧ ಗಂಟೆ ಕೂರಿಸಿಕೊಂಡು ಮಾತಾಡುತ್ತಿದ್ದರು. ಮುದ್ದೆ ಎಷ್ಟು ದಪ್ಪ ಇರಬೇಕು, ಮಾವಿನಹಣ್ಣಿನ ಎಷ್ಟು ಹೋಳು ತಿನ್ನಬಹುದು, ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಊಟದ ಜೊತೆ, ಎಲ್ಲ. ಕೊನೆಗೆ ಬಣ್ಣದ ಚಿತ್ರಗಳಿದ್ದ ಒಂದು ಚಾರ್ಟು ಬೇರೆ ಕೊಟ್ಟು ಕಳಿಸಿದರು. ಭಾಗ್ಯಕ್ಕ ಅದನ್ನು ಅನ್ನದ ಗಂಜಿ ಹಚ್ಚಿ ಅಡುಗೆಮನೆ ಗೋಡೆಗೆ ಅಂಟಿಸಿದಳು. ಅಷ್ಟು ಬಣ್ಣದ ಕಾಗದ ನನ್ನ ಕಾಯಿಲೆಗೂ ಒಂದು ಸಿಕ್ಕಿದ್ದರೆ ನಾನು ಕಟ್ಟು ಹಾಕಿಸಿ ನಡುಮನೆಯಲ್ಲೇ ತೂಗುಹಾಕುತ್ತಿದ್ದೆನೋ ಏನೋ. ಯಾರಾದರೊಬ್ಬರು ಒಂದು ಸಲ ನನ್ನ ಎದುರು ಕೂತು, ನಿನಗೂ ಕಷ್ಟ ಇದೆ ಎಂದು ಒಪ್ಪಿಕೊಂಡರೆ ಸಾಕಾಗಿತ್ತು. ಬೇರೇನೂ ಬೇಕಿರಲಿಲ್ಲ ನನಗೆ.

ಆಗೆಲ್ಲ ನಾನು ಮಾತ್ರೆ ನುಂಗುತ್ತಿದ್ದದ್ದು ಕಾಫಿಯ ಜೊತೆ. ಆರು ಗಂಟೆಗೆ ಭಾಗ್ಯಕ್ಕ ಬಿಸಿ ಲೋಟ ಕೈಗೆ ಕೊಡುತ್ತಿದ್ದಳು, ನಾನು ಅದರಲ್ಲೇ ಮಾತ್ರೆ ನುಂಗುತ್ತಿದ್ದೆ. ಬೆಳಿಗ್ಗೆ ತಗೊಳ್ಳಿ ಎಂದಿದ್ದರು, ಬೆಳಿಗ್ಗೆ ತಗೊಳ್ಳುತ್ತಿದ್ದೆ. ಹೇಗೆ ತಗೊಳ್ಳುತ್ತೀರಿ ಎಂದು ಡಾಕ್ಟರು ಒಂದು ದಿನವೂ ಕೇಳಿರಲಿಲ್ಲ. ಒಂದು ಗುರುವಾರ ಭಾಗ್ಯಕ್ಕ ಆಸ್ಪತ್ರೆಯಿಂದ ಬಂದವಳೇ, ತಲೆಯ ಮೇಲಿನ ಸೆರಗೂ ತೆಗೆಯದೆ ನನ್ನ ಹತ್ತಿರ ಬಂದಳು.

"ನಮ್ ಡಾಕ್ಟ್ರುನ ನಿನ್ ವಿಷ್ಯ ಕೇಳ್ದೆ ಕಣೆ. ಆ ಮಾತ್ರೇನ ಕಾಫಿ ಜೊತೆ ತಗೋಬಾರ್ದಂತೆ. ಬರೀ ನೀರಲ್ಲಿ ನುಂಗಿ ಒಂದ್ ಗಂಟೆ ಸುಮ್ನಿರ್ಬೇಕಂತೆ. ಇಲ್ದಿದ್ರೆ ಮೈಗೇ ಹತ್ತಲ್ವಂತೆ."

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬೀಳುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಡಾಕ್ಟರಿಗೆ ನನ್ನ ಕಾಯಿಲೆಗೇ ಪುರುಸೊತ್ತಿಲ್ಲ, ಇವಳ ಡಾಕ್ಟರಿಗೆ ಇವಳ ಕಾಯಿಲೆ ಮುಗಿಸಿ ನನ್ನದಕ್ಕೂ ಸಮಯ ಮಿಗುತ್ತದೆ. ಅದನ್ನು ತಂದು ಇವಳು ನನಗೆ ಹಂಚುತ್ತಾಳೆ, ಮಿಕ್ಕಿದ ಸಾರು ಬಡಿಸುವ ಹಾಗೆ.

"ನಂಗೂ ಡಾಕ್ಟ್ರಿದಾರೆ ಅಕ್ಕ. ನಿನ್ ಶುಗರ್ ನೀನು ನೋಡ್ಕೊ," ಎಂದೆ.

ಅವಳ ಮುಖ ಸಣ್ಣದಾಯಿತು. ಕೊಟ್ಟಿಗೆಯ ಕಡೆ ಹೋದಳು. ಮಾರನೆಯ ಬೆಳಿಗ್ಗೆ ಅವಳೆದುರಿಗೇ ನಿಂತು, ಕಾಫಿಯಲ್ಲೇ ಮಾತ್ರೆ ನುಂಗಿದೆ. ಸ್ವಲ್ಪ ಸದ್ದು ಮಾಡಿಯೇ ನುಂಗಿದೆ. ಹೀಗೆ ಎಂಟು ತಿಂಗಳು ನಡೆಸಿದೆ. ಮೈಯಲ್ಲಿ ಸುಸ್ತು ಹಾಗೇ ಇತ್ತು, ಡೋಸು ಇನ್ನೊಂದು ಮೆಟ್ಟಿಲು ಏರಿತು, ನನ್ನ ಹಟಕ್ಕೆ ಮಾತ್ರ ಆರೋಗ್ಯ ಬಹಳ ಚೆನ್ನಾಗಿತ್ತು.

ಕೊನೆಗೆ ಅದೇ ಮಾತನ್ನು ಲ್ಯಾಬಿನ ಹೆಂಗಸೊಬ್ಬರು ಹೇಳಿದರು. ನನ್ನ ವಯಸ್ಸಿನವರೇ. ನರ ಹುಡುಕುತ್ತಾ "ಮಾತ್ರೆ ಹೆಂಗ್ ತಗೋತೀರಿ?" ಎಂದರು. ಕಾಫಿ ಜೊತೆ ಎಂದೆ. ಅವರ ಕೈ ನಿಂತಿತು.

"ಕಾಫಿ ಜೊತೇನಾ? ಇಷ್ಟು ವರ್ಷ ಯಾರೂ ಹೇಳ್ಲಿಲ್ವಾ ನಿಮ್ಗೆ?"

"ಇಲ್ಲ ಮೇಡಂ. ಯಾರೂ ಹೇಳ್ಲಿಲ್ಲ," ಎಂದೆ.

ಆ ಸುಳ್ಳು ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ.

ಮಾರನೆಯ ದಿನದಿಂದ ನೀರಿನಲ್ಲಿ ನುಂಗತೊಡಗಿದೆ. ಎರಡು ತಿಂಗಳಿಗೆ ಎದೆ ಡವಡವ ಎನ್ನಲು ಶುರುವಾಯಿತು. ಅಲ್ಲಿಯವರೆಗೆ ಕಾಫಿಯಲ್ಲಿ ವ್ಯರ್ಥವಾಗುತ್ತಿದ್ದ ಮಾತ್ರೆ ಈಗ ಪೂರ್ತಿ ಮೈಗೆ ಹತ್ತುತ್ತಿತ್ತು. ಡಾಕ್ಟರು ರಿಪೋರ್ಟು ನೋಡಿ "ಡೋಸ್ ಕಮ್ಮಿ ಮಾಡಿದೀನಿ. ಮೂರು ತಿಂಗಳು ಬಿಟ್ಟು ಬನ್ನಿ," ಎಂದರು. ಏಕೆ ಹೀಗಾಯಿತು ಎಂದು ಆಗಲೂ ಕೇಳಲಿಲ್ಲ. ನಿಧಾನವಾಗಿ ಸುಸ್ತು ಇಳಿಯಿತು. ಹಾಜರಿ ಪುಸ್ತಕದಲ್ಲಿ ಹೆಸರುಗಳು ಸರಿಯಾದವು.

ಆದರೆ ಮನೆಯಲ್ಲಿ ಒಂದು ತೊಡಕಿತ್ತು. ಆರು ಗಂಟೆಗೆ ಭಾಗ್ಯಕ್ಕ ಕಾಫಿ ಕೊಟ್ಟರೆ ಬೇಡ ಎನ್ನಬೇಕು. ಏಕೆ ಎಂದು ಕೇಳಿದರೆ ಅವಳು ಹೇಳಿದ್ದೇ ಸರಿ ಎಂದು ಒಪ್ಪಿಕೊಳ್ಳಬೇಕು. ಅದಕ್ಕಿಂತ ಸಾಯುವುದು ಮೇಲು ಅನ್ನಿಸಿತು. "ಬೆಳಿಗ್ಗೆ ಎದ್ದ ತಕ್ಷಣ ಕುಡಿದ್ರೆ ಗ್ಯಾಸ್ ಆಗುತ್ತೆ ಅಕ್ಕ, ಮುಚ್ಚಿಟ್ಟಿರು, ಏಳು ಗಂಟೆಗೆ ಕುಡೀತೀನಿ," ಎಂದೆ. ಅವಳು ಹೂಂ ಎಂದು ಮುಚ್ಚಳ ಹಾಕಿದಳು. ಹಾಗೆ ಶುರುವಾದ ಮುಚ್ಚಳ ಅದು. ಮಾತ್ರೆಯನ್ನು ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತಿನಲ್ಲಿ ಕದ್ದು ನುಂಗುತ್ತಿದ್ದೆ. ವೈದ್ಯಶಾಸ್ತ್ರವನ್ನು ಕಳ್ಳತನದಿಂದ ಪಾಲಿಸಿದ ರೋಗಿ ನಾನೊಬ್ಬಳೇ ಇರಬೇಕು.

ಸುಮಾರು ಅದೇ ಕಾಲಕ್ಕೆ ನಮ್ಮ ಮನೆಯ ಸಾರಿಗೆ ಇಂಗು ಬಂತು. ನಮ್ಮದು ಬೆಳ್ಳುಳ್ಳಿ ಒಗ್ಗರಣೆಯ ಮನೆ, ಇಂಗಿನ ಡಬ್ಬಿ ಬಾಣಂತಿಯರಿಗೆಂದು ಮೂಲೆಯಲ್ಲಿರುತ್ತಿತ್ತು ಅಷ್ಟೆ. ಈಗ ಬೇಳೆ ಸಾರಿಗೂ ಇಂಗು, ಉಪ್ಸಾರಿಗೂ ಇಂಗು, ಮಜ್ಜಿಗೆಗೂ ಇಂಗು. ನನಗೆ ಆ ವಾಸನೆ ಕಂಡರಾಗದು. ಆ ಚಾರ್ಟಿನಲ್ಲಿ ಬರೆದಿರಬೇಕು, ಇವಳೊಬ್ಬಳ ಶುಗರ್‌ಗಾಗಿ ಮನೆಮಂದಿಯೆಲ್ಲ ಇಂಗು ತಿನ್ನಬೇಕು ಎಂದು ಒಳಗೊಳಗೇ ಕುದಿಯುತ್ತಿದ್ದೆ. ನನ್ನ ಕಾಯಿಲೆಗೆ ಈ ಮನೆಯಲ್ಲಿ ಒಂದು ಸಾಸಿವೆ ಕಾಳಾದರೂ ಬದಲಾಗಿದೆಯಾ ಎಂದು ಗಂಡನ ಹತ್ತಿರ ಎಷ್ಟು ಸಲ ಜಗಳವಾಡಿದೆನೋ. ಆತ ಶಿಫ್ಟು ಮುಗಿಸಿ ಬಂದು, ಇಂಗಿನ ಸಾರಿನಲ್ಲೇ ಎರಡು ಮುದ್ದೆ ನುಂಗಿ ಮಲಗುತ್ತಿದ್ದ.

ಇದೆಲ್ಲ ಆಗಿ ಆರು ವರ್ಷ. ಮೊನ್ನೆ ಗುರುವಾರ ಭಾಗ್ಯಕ್ಕ ಆಸ್ಪತ್ರೆಯಿಂದ ಬಂದು ಜಗಲಿಯ ಮೇಲೆ ಕುಕ್ಕರಿಸಿದಳು. ಕೈಯಲ್ಲಿ ಸಣ್ಣ ಸೀಸೆ. ದೂರದಿಂದಲೇ ಗುರುತು ಹಿಡಿದೆ, ನನ್ನದೇ ಮಾತ್ರೆಯ ಸೀಸೆ.

"ನಂಗೂ ನಿಂದೇ ಬಂತು ಕಣೆ," ಎಂದಳು. "ನಮ್ ಡಾಕ್ಟ್ರು ರಜಾ. ಬೇರೆಯೋರಿದ್ರು. ಮುಖಾನೂ ನೋಡ್ಲಿಲ್ಲ, ಮೂರ್ ತಿಂಗ್ಳು ಬಿಟ್ಟು ಬನ್ನಿ ಅಂದ್ಬಿಟ್ರು. ಚಾರ್ಟೂ ಕೊಡ್ಲಿಲ್ಲ."

ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಅವಳಿಗೂ ಚಾರ್ಟಿಲ್ಲ. ಸೀಸೆಯ ಮೇಲೆ ನೋಡಿದೆ, ಇಪ್ಪತ್ತೈದು. ನನ್ನದು ಈಗ ಎಪ್ಪತ್ತೈದು. ಒಂದು ವಿಷಯದಲ್ಲಾದರೂ ನಾನು ಹಿರಿಯವಳಾದೆ. ಆ ಖುಷಿ ಅರ್ಧ ನಿಮಿಷ ಇದ್ದಿರಬಹುದು. ಅಷ್ಟರಲ್ಲಿ ಅವಳು ಕೇಳಿದಳು.

"ಇದನ್ನ ಹೆಂಗೆ ತಗೋಬೇಕೆ? ನೀನ್ ಹೇಳು. ನಿಂಗೊತ್ತಲ್ಲ."

ಆರು ವರ್ಷ ತಪ್ಪಿಸಿಕೊಂಡು ತಿರುಗಿದ್ದ ಮಾತು ತಾನಾಗಿಯೇ ಮನೆ ಬಾಗಿಲಿಗೆ ಬಂದು ಕೂತಿತ್ತು. ಅವಳ ಪಕ್ಕ ಕೂತೆ. ಖಾಲಿ ಹೊಟ್ಟೆ, ಬರೀ ನೀರು, ಕಾಫಿಗೆ ಒಂದು ಗಂಟೆ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಸಂಜೆಗೆ. ಕೂದಲು ಉದುರಿದರೆ ಹೆದರಬೇಡ. ಸುಸ್ತು ಬಂದಾಗ ಸೋಮಾರಿ ಎಂದು ನಿನ್ನನ್ನೇ ನೀನು ಬೈದುಕೊಳ್ಳಬೇಡ. ಯಾವ ಡಾಕ್ಟರೂ ನನಗೆ ಹೇಳದೇ ಹೋದದ್ದನ್ನೆಲ್ಲ ಅವಳಿಗೆ ಹೇಳಿದೆ. ಅರ್ಧ ಗಂಟೆಯ ಮೇಲೇ ಹಿಡಿಯಿತು.

"ಕಾಫಿ ಬಾರ್ದು ಅಂತ ನಂಗೆ ಹೇಳಿದ್ದೇ ನೀನು ಅಕ್ಕ," ಎಂದೆ ಕೊನೆಗೆ. "ನಿನ್ ಮೇಲಿನ ಹೊಟ್ಟೆಕಿಚ್ಚಿಗೆ ಕೇಳ್ಲಿಲ್ಲ. ಆಮೇಲೆ ನೀನ್ ಹೇಳ್ದಂಗೇ ಮಾಡ್ದೆ, ನಿಂಗೆ ಗೊತ್ತಾಗ್ಬಾರ್ದು ಅಂತ ಗ್ಯಾಸ್ ಅಂದೆ."

"ನಾನ್ ಹೇಳಿದ್ನಾ? ನೆನಪೇ ಇಲ್ಲ ಕಣೆ." ನಾನು ಆರು ವರ್ಷ ಹೊತ್ತು ತಿರುಗಿದ್ದನ್ನು ಅವಳು ಎಂದೋ ಇಳಿಸಿ ಹೋಗಿದ್ದಳು. ಆ ಮರೆವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಹಂಗಾದ್ರೆ ನಿಂಗೆ ಗ್ಯಾಸ್ ಇಲ್ವಾ?"

"ಇಲ್ಲ."

"ಅಯ್ಯೋ, ನಿನ್ ಗ್ಯಾಸ್‌ಗೆ ಅಂತ ಇಷ್ಟ್ ವರ್ಷ ಸಾರಿಗೆಲ್ಲ ಇಂಗು ಹಾಕ್ತಿದ್ನಲ್ಲೇ. ನಂಗೇ ಆ ವಾಸ್ನೆ ಆಗಲ್ಲ."

ಅವತ್ತು ಮಧ್ಯಾಹ್ನದ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬಿತ್ತು. ಮನೆಮಂದಿಯೆಲ್ಲ ಚಪ್ಪರಿಸಿಕೊಂಡು ಉಂಡರು.

ಈಗ ಆರೂಕಾಲು. ಭಾಗ್ಯಕ್ಕ ಎಲ್ಲರಿಗೂ ಕಾಫಿ ಕೊಟ್ಟು, ನಮ್ಮಿಬ್ಬರ ಲೋಟಕ್ಕೆ ಮುಚ್ಚಳ ಹಾಕಿ, ಜಗಲಿಗೆ ಬಂದು ನನ್ನ ಪಕ್ಕ ಕೂತಿದ್ದಾಳೆ. ಒಳಗಿಂದ ವಾಸನೆ ಬರುತ್ತಿದೆ. ಅವಳು ಎರಡು ಸಲ ಒಳಗೆ ಹೋಗಿ ಗಡಿಯಾರ ನೋಡಿ ಬಂದಳು.

"ಒಂದ್ ಗಂಟೆ ಅಂದ್ರೆ ಇಷ್ಟ್ ಉದ್ದನಾ? ಹೆಂಗ್ ತಡ್ಕೊಂಡೆ ಇಷ್ಟ್ ವರ್ಷ?" ಎಂದಳು.

ಈ ಒಂದು ಪ್ರಶ್ನೆಗಾಗಿ ನಾನು ಒಂಬತ್ತು ವರ್ಷ ಕಾದಿದ್ದೆ.

"ಅಕ್ಕ, ಇವತ್ತಿನ ಸಾರಿಗೆ ಇಂಗು ಹಾಕು," ಎಂದೆ.

"ಗ್ಯಾಸ್ ಇಲ್ಲ ಅಂದ್ಯಲ್ಲೇ?"

"ಇಲ್ಲ. ಆದ್ರೂ ಚೂರು ಹಾಕು."